ಕುಡಿತ ಬಿಟ್ಟವರಿಗೆ ಯಾವ ಸಭೆ ಸರಿ? ಓದುಗರ ಪ್ರಶ್ನೆಗಳು, ಉತ್ತರಗಳು

ಕುಡಿತ ಬಿಟ್ಟವರು, ಬಿಡಲು ಹೊರಟವರು ಮತ್ತು ಅವರ ಮನೆಯವರು ಬರೆದ ಪತ್ರಗಳಲ್ಲಿ ಬೆಂಬಲ ಸಭೆಗಳಿಗೆ ಸಂಬಂಧಿಸಿದ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಬರೆದವರ ಗುರುತು ಸಿಗಬಹುದಾದ ವಿವರಗಳನ್ನು ಕೈಬಿಡಲಾಗಿದೆ.

ಪ್ರಶ್ನೆ: ನನಗೆ 43 ವರ್ಷ. ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಕುಡಿತ ಬಿಟ್ಟು ಎರಡು ತಿಂಗಳಾಯಿತು. ಮನೆಗೆ ಕಳುಹಿಸುವಾಗ ವೈದ್ಯರು, ಬೆಂಬಲ ಗುಂಪಿನ ಸಭೆಗೆ ತಪ್ಪದೆ ಹೋಗಬೇಕೆಂದು ಹೇಳಿದರು. ಒಂದು ಎ.ಎ. (ಆಲ್ಕೋಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಸಂಸ್ಥೆ) ಸಭೆಗೆ ಹೋದೆ. ಅಲ್ಲಿದ್ದವರೆಲ್ಲ ನನಗಿಂತ ಬಹಳ ಹಿರಿಯರು, ವರ್ಷಗಳಿಂದ ಒಬ್ಬರನ್ನೊಬ್ಬರು ಬಲ್ಲವರು. ದೇವರ ಮಾತು ಪದೇ ಪದೇ ಬಂತು. ನನಗೆ ದೇವರಲ್ಲಿ ನಂಬಿಕೆಯಿಲ್ಲ. ಒಂದು ಗಂಟೆ ಸುಮ್ಮನೆ ಕುಳಿತು ಎದ್ದು ಬಂದೆ. ಇದು ನನಗೆ ಆಗಿಬರುವುದಿಲ್ಲ ಎಂದು ಬಿಟ್ಟುಬಿಡಲೇ? ನನಗೆ ಹೊಂದುವ ಸಭೆಯನ್ನು ಗುರುತಿಸುವುದು ಹೇಗೆ?

ಉತ್ತರ: ದಯವಿಟ್ಟು ಬಿಡಬೇಡಿ. ನೀವು ನೋಡಿದ್ದು ಒಂದು ಗುಂಪಿನ ಒಂದು ದಿನದ ಸಭೆಯನ್ನು ಮಾತ್ರ. ಆಲ್ಕೋಹಾಲಿಕ್ಸ್ ಅನಾನಿಮಸ್ ಸಂಸ್ಥೆಯಲ್ಲಿ ಪ್ರತಿಯೊಂದು ಗುಂಪೂ ಸ್ವತಂತ್ರ. ಸಭೆಯನ್ನು ಹೇಗೆ ನಡೆಸಬೇಕು, ಯಾವ ವಿಷಯಕ್ಕೆ ಒತ್ತು ಕೊಡಬೇಕು ಎಂಬುದನ್ನು ಆ ಗುಂಪಿನವರೇ ತೀರ್ಮಾನಿಸುತ್ತಾರೆ. ಆದ್ದರಿಂದ ಅದೇ ಕಟ್ಟಡದ ಅದೇ ಕೋಣೆಯಲ್ಲಿ ಸೋಮವಾರ ಸೇರುವ ಗುಂಪಿಗೂ ಗುರುವಾರ ಸೇರುವ ಗುಂಪಿಗೂ ಸ್ವಭಾವದಲ್ಲಿ ಅಜಗಜಾಂತರ ಇರಬಹುದು. ನಾಲ್ಕೈದು ಬೇರೆ ಬೇರೆ ಸಭೆಗಳನ್ನು, ಸಾಧ್ಯವಾದರೆ ಒಂದೊಂದನ್ನೂ ಎರಡು ಸಲ ನೋಡದೆ ತೀರ್ಮಾನಕ್ಕೆ ಬರಬಾರದೆಂಬುದು ನನ್ನ ಸಲಹೆ. ಮೊದಲ ಸಲ ಹೋದವರ ಗಮನವೆಲ್ಲ ತಮ್ಮ ಸಂಕೋಚದ ಮೇಲೆಯೇ ಇರುತ್ತದೆ. ಅಲ್ಲಿ ಯಾರು ಏನು ಹೇಳಿದರು ಎಂಬುದು ಕಿವಿಗೆ ಬೀಳುವುದು ಎರಡನೆಯ ಸಲ ಹೋದಾಗ.

ಸಭೆಗಳಲ್ಲಿ ಹಲವು ಬಗೆಗಳಿವೆ ಎಂಬುದನ್ನು ಹೊಸಬರಿಗೆ ಯಾರೂ ಹೇಳಿಕೊಡುವುದಿಲ್ಲ, ಅದರಿಂದ ಎಷ್ಟೋ ಮಂದಿ ತಮ್ಮದಲ್ಲದ ಬಾಗಿಲು ತಟ್ಟಿ ಹಿಂದಿರುಗುತ್ತಾರೆ. ಮುಕ್ತ ಸಭೆಗೆ ಯಾರು ಬೇಕಾದರೂ ಬರಬಹುದು. ಮುಚ್ಚಿದ ಸಭೆ ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ ಮೀಸಲು. ಕೆಲವು ಸಭೆಗಳಲ್ಲಿ ಒಬ್ಬರೋ ಇಬ್ಬರೋ ತಮ್ಮ ಕಥೆಯನ್ನು ದೀರ್ಘವಾಗಿ ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ಕೆಲವು ಸಭೆಗಳು, ಕುಡಿತದಿಂದ ಹೊರಬರಲು ಎ.ಎ. ಹಾಕಿಕೊಟ್ಟ ಹನ್ನೆರಡು ಹೆಜ್ಜೆಗಳಲ್ಲಿ ಒಂದನ್ನು ಎತ್ತಿಕೊಂಡು ಓದಿ ಚರ್ಚಿಸುತ್ತವೆ. ಮೊದಲ ತಿಂಗಳುಗಳಲ್ಲಿ ಇದು ಪಾಠದಂತೆ ತೋರಿ ಬೇಸರ ತರಿಸಬಹುದು. ಹೊಸಬರಿಗೆಂದೇ ನಡೆಯುವ ಸಭೆಗಳೂ ಇವೆ, ಯುವಕರ ಸಭೆಗಳೂ ಇವೆ, ದೇವರ ಪ್ರಸ್ತಾಪವನ್ನೇ ಬದಿಗಿಟ್ಟು ನಡೆಯುವ ಎ.ಎ. ಗುಂಪುಗಳೂ ಇವೆ. ನಿಮ್ಮ ಪತ್ರವನ್ನು ಓದಿದರೆ, ನೀವು ಹೋದದ್ದು ಬಹುಶಃ ಹಳಬರು ಹೆಚ್ಚಾಗಿ ಸೇರುವ ಹೆಜ್ಜೆಗಳ ಅಧ್ಯಯನ ಸಭೆಗೆ. ನಿಮಗೆ ಈಗ ಬೇಕಾಗಿರುವುದು ಹೊಸಬರ ಸಭೆ ಅಥವಾ ಎಲ್ಲರೂ ಸರದಿಯಂತೆ ಮಾತನಾಡುವ ಚರ್ಚಾ ಸಭೆ.

ಅಂಥ ಸಭೆ ಸಾಮಾನ್ಯವಾಗಿ ಹೀಗೆ ನಡೆಯುತ್ತದೆ. ಹತ್ತೋ ಹದಿನೈದೋ ಕುರ್ಚಿಗಳನ್ನು ವೃತ್ತಾಕಾರವಾಗಿ ಹಾಕಿರುತ್ತಾರೆ. ಆ ದಿನ ಸಭೆ ನಡೆಸುವವರು ಒಂದು ಚಿಕ್ಕ ಪೀಠಿಕೆಯನ್ನು ಓದಿ, ಮೊದಲ ಬಾರಿಗೆ ಬಂದವರು ಯಾರಾದರೂ ಇದ್ದಾರೆಯೇ ಎಂದು ಕೇಳುತ್ತಾರೆ. ಕೈ ಎತ್ತುವುದೂ ಬಿಡುವುದೂ ನಿಮ್ಮ ಇಚ್ಛೆ. ನಂತರ ಒಬ್ಬೊಬ್ಬರಾಗಿ ಮೊದಲ ಹೆಸರನ್ನಷ್ಟೇ ಹೇಳಿ ಮೂರು ನಾಲ್ಕು ನಿಮಿಷ ಮಾತನಾಡುತ್ತಾರೆ. ನಡುವೆ ಯಾರೂ ಬಾಯಿ ಹಾಕುವುದಿಲ್ಲ, ಉಪದೇಶ ಮಾಡುವುದಿಲ್ಲ. ನಿಮ್ಮ ಸರದಿ ಬಂದಾಗ "ಇವತ್ತು ನಾನು ಕೇಳಿಸಿಕೊಳ್ಳುತ್ತೇನೆ" ಎಂದರೆ ಸಾಕು, ಮಾತು ಪಕ್ಕದವರಿಗೆ ಹೋಗುತ್ತದೆ. ಕೊನೆಗೆ ಕಾಣಿಕೆಗಾಗಿ ಒಂದು ಬುಟ್ಟಿಯೋ ಲಕೋಟೆಯೋ ಸುತ್ತು ಬರಬಹುದು. ಹೊಸಬರು ಅದಕ್ಕೆ ಏನನ್ನೂ ಹಾಕಬೇಕಾಗಿಲ್ಲ; ಸದಸ್ಯತ್ವ ಶುಲ್ಕವೆಂಬುದು ಎ.ಎ.ಯಲ್ಲಿ ಇಲ್ಲವೇ ಇಲ್ಲ.

ಇನ್ನು ದೇವರ ವಿಷಯ. 1935ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಆಕ್ರನ್ ಊರಿನಲ್ಲಿ ಎ.ಎ. ಹುಟ್ಟಿದ್ದು ಇಬ್ಬರು ಕುಡುಕರ ಮಾತುಕತೆಯಿಂದ. ಒಬ್ಬರು ಷೇರು ವ್ಯವಹಾರದವರು, ಇನ್ನೊಬ್ಬರು ಶಸ್ತ್ರವೈದ್ಯರು. ತನ್ನಂತೆಯೇ ಕುಡಿದು ಕೆಟ್ಟ ಮತ್ತೊಬ್ಬನ ಜೊತೆ ಮನಬಿಚ್ಚಿ ಮಾತನಾಡಿದಾಗ ಕುಡಿಯದೆ ಇರಲು ಸಾಧ್ಯವಾಗುತ್ತದೆ ಎಂಬುದು ಅವರು ಕಂಡುಕೊಂಡ ಮೊದಲ ಸತ್ಯ. ಹೆಜ್ಜೆಗಳು ಬರಹಕ್ಕೆ ಇಳಿದದ್ದು ಆಮೇಲೆ. ಆ ಹೆಜ್ಜೆಗಳಲ್ಲಿ ಎರಡು ಕಡೆ ದೇವರ ಹೆಸರಿನ ಜೊತೆಗೆ "ನಾವು ಅರಿತುಕೊಂಡಂತೆ" ಎಂಬ ವಿಶೇಷಣವಿದೆ, ಮತ್ತು 1939ರಲ್ಲಿ ಬಂದ ಸಂಸ್ಥೆಯ ಮೂಲಗ್ರಂಥದಲ್ಲಿ ದೈವವನ್ನು ಒಪ್ಪದವರಿಗಾಗಿಯೇ ಒಂದು ಅಧ್ಯಾಯವಿದೆ. ಸದಸ್ಯರಾಗಲು ಬೇಕಾದ ಅರ್ಹತೆ ಒಂದೇ, ಕುಡಿತ ನಿಲ್ಲಿಸಬೇಕೆಂಬ ಬಯಕೆ. ಎಷ್ಟೋ ನಾಸ್ತಿಕರು ಗುಂಪನ್ನೇ ತಮಗಿಂತ ದೊಡ್ಡ ಶಕ್ತಿಯೆಂದು ಭಾವಿಸಿ ವರ್ಷಗಟ್ಟಲೆ ಅಲ್ಲಿ ನೆಲೆ ನಿಂತಿದ್ದಾರೆ.

ಇಷ್ಟಾದರೂ ಆ ಭಾಷೆ ನಿಮ್ಮನ್ನು ಬಾಗಿಲಿನಿಂದಲೇ ದೂರ ತಳ್ಳುವುದಾದರೆ ಬೇರೆ ದಾರಿಗಳಿವೆ. 1994ರಲ್ಲಿ ಆರಂಭವಾದ ಸ್ಮಾರ್ಟ್ ರಿಕವರಿ ಸಭೆಗಳು ಮನಶ್ಶಾಸ್ತ್ರದ ಚಿಂತನಾ-ವರ್ತನಾ ಚಿಕಿತ್ಸೆಯ ತತ್ವಗಳ ಮೇಲೆ ನಿಂತಿವೆ. ಅಲ್ಲಿ ತರಬೇತಿ ಪಡೆದ ನಿರ್ವಾಹಕರಿರುತ್ತಾರೆ. ಕುಡಿಯುವ ಹಂಬಲ ಎದ್ದಾಗ ಏನು ಮಾಡಬೇಕು, ಕುಡಿತದಿಂದ ಬಂದದ್ದೇನು ಕಳೆದದ್ದೇನು ಎಂಬುದನ್ನು ಕಾಗದದ ಮೇಲೆ ಬರೆದು ನೋಡುವ ಅಭ್ಯಾಸಗಳನ್ನು ಮಾಡಿಸುತ್ತಾರೆ, ಮತ್ತು ಸದಸ್ಯರು ಒಬ್ಬರ ಮಾತಿಗೆ ಇನ್ನೊಬ್ಬರು ನೇರವಾಗಿ ಪ್ರತಿಕ್ರಿಯಿಸಬಹುದು. ಲೈಫ್‌ರಿಂಗ್ ಎಂಬ ಜಾತ್ಯತೀತ ಗುಂಪೂ, ಬೌದ್ಧ ಧ್ಯಾನವನ್ನು ಆಧರಿಸಿ 2019ರಲ್ಲಿ ರೂಪುಗೊಂಡ ರಿಕವರಿ ಧರ್ಮವೂ ಇವೆ. ಇವುಗಳ ಸಭೆಗಳು ಎ.ಎ.ಯಷ್ಟು ಎಲ್ಲೆಡೆ ಸಿಗುವುದಿಲ್ಲ, ಆದರೆ ಆನ್‌ಲೈನ್‌ನಲ್ಲಿ ಇವೆ.

ಯಾವುದು ಹೆಚ್ಚು ಫಲ ಕೊಡುತ್ತದೆ ಎಂದು ನೀವು ಕೇಳಬಹುದು. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಮರ್ಶಿಸುವ ಕೊಕ್ರೇನ್ ಸಂಸ್ಥೆ 2020ರಲ್ಲಿ ಪ್ರಕಟಿಸಿದ ವಿಮರ್ಶೆಯು 27 ಅಧ್ಯಯನಗಳನ್ನೂ, ಅವುಗಳಲ್ಲಿ ಭಾಗವಹಿಸಿದ 10,565 ಜನರ ಮಾಹಿತಿಯನ್ನೂ ಒಟ್ಟಿಗೆ ಪರಿಶೀಲಿಸಿತು. ಎ.ಎ. ಸಭೆಗಳಲ್ಲಿ ತೊಡಗಿಕೊಳ್ಳುವಂತೆ ವ್ಯವಸ್ಥಿತವಾಗಿ ಮಾರ್ಗದರ್ಶನ ಮಾಡುವ ಚಿಕಿತ್ಸೆಯು, ಕುಡಿಯದೆ ನಿರಂತರವಾಗಿ ಉಳಿಯುವ ವಿಷಯದಲ್ಲಿ ಇತರ ಪ್ರಚಲಿತ ಚಿಕಿತ್ಸೆಗಳಿಗಿಂತ ಮೇಲೆಂದು ಅದು ಕಂಡುಕೊಂಡಿತು. ಹಾಗಾಗಿ ಎ.ಎ.ಯನ್ನು ಹಗುರವಾಗಿ ತಳ್ಳಿಹಾಕಬಾರದೆಂದು ನಾನು ಹೇಳುತ್ತೇನೆ. ಆದರೆ ಇಲ್ಲಿ "ತೊಡಗಿಕೊಳ್ಳುವುದು" ಮುಖ್ಯ. ಎಷ್ಟೇ ಹೆಸರಾದ ಪದ್ಧತಿಯಾದರೂ, ತಿಂಗಳಿಗೊಮ್ಮೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತು ಬರುವವರಿಗೆ ಅದರಿಂದ ಸಿಗುವುದು ಅಲ್ಪ. ಮತ್ತೆ ಮತ್ತೆ ಹೋಗಬೇಕೆನ್ನಿಸುವ ಗುಂಪೇ ನಿಮಗೆ ಸರಿಯಾದ ಗುಂಪು.

ಅದನ್ನು ಗುರುತಿಸಲು ಕೆಲವು ಸಂಗತಿಗಳನ್ನು ಗಮನಿಸಿ. ಬಿಟ್ಟು ವಾರವಾದವರೂ, ವರ್ಷವಾದವರೂ, ಹತ್ತಾರು ವರ್ಷವಾದವರೂ ಒಂದೇ ಕೋಣೆಯಲ್ಲಿ ಇದ್ದಾರೆಯೇ? ಹಳಬರೇ ತುಂಬಿರುವಲ್ಲಿ ನಿಮ್ಮ ಇಂದಿನ ಸಂಕಟವನ್ನು ನೆನಪಿಟ್ಟುಕೊಂಡವರು ಕಡಿಮೆ, ಹೊಸಬರೇ ತುಂಬಿರುವಲ್ಲಿ ದಾರಿ ಬಲ್ಲವರು ಕಡಿಮೆ. ಒಬ್ಬರೇ ಅರ್ಧ ಗಂಟೆ ಮಾತನಾಡುವುದನ್ನು ಸಭೆ ನಡೆಸುವವರು ತಡೆಯುತ್ತಾರೆಯೇ? ಕೇಳಿದ ಕಥೆಗಳಲ್ಲಿ ಕುಡಿದ ದಿನಗಳ ವರ್ಣನೆಯೇ ಹೆಚ್ಚೋ, ಬಿಟ್ಟ ಮೇಲೆ ಬದುಕುವ ಬಗೆಯೂ ಬರುತ್ತದೆಯೋ? ಮುಗಿದ ಮೇಲೆ ಯಾರಾದರೂ ಬಂದು ನಿಮ್ಮನ್ನು ಮಾತನಾಡಿಸಿದರೇ? ಈ ಕೊನೆಯದಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ, ಮತ್ತು ಅದಕ್ಕೆ ಅವಕಾಶ ಕೊಡುವುದು ನಿಮ್ಮ ಕೈಯಲ್ಲಿಯೂ ಇದೆ. ಹತ್ತು ನಿಮಿಷ ಮೊದಲೇ ಹೋಗಿ ಕುರ್ಚಿ ಹಾಕಲು ಕೈಜೋಡಿಸಿ, ಮುಗಿದ ಮೇಲೆ ಹದಿನೈದು ನಿಮಿಷ ನಿಲ್ಲಿ, ಎರಡು ಮೂರು ಫೋನ್ ನಂಬರ್ ಪಡೆದುಕೊಳ್ಳಿ. ಅದರಲ್ಲಿ ಒಬ್ಬರಿಗೆ ಮರುದಿನವೇ, ಏನೂ ತೊಂದರೆ ಇಲ್ಲದಿದ್ದರೂ ಕರೆ ಮಾಡಿ. ಸುಮ್ಮನಿದ್ದ ದಿನ ಕರೆ ಮಾಡಿ ಅಭ್ಯಾಸವಿಲ್ಲದವರಿಗೆ ಹಂಬಲ ಮೈಮೇಲೆ ಬಂದ ರಾತ್ರಿ ಕರೆ ಮಾಡಲು ಕೈ ಬರುವುದಿಲ್ಲ.

ಸಮಯವನ್ನೂ ಯೋಚಿಸಿ ಆರಿಸಿ. ನೀವು ಯಾವ ಹೊತ್ತಿಗೆ ಕುಡಿಯಲು ಆರಂಭಿಸುತ್ತಿದ್ದಿರೋ ಆ ಹೊತ್ತಿನಲ್ಲಿ ನಡೆಯುವ ಸಭೆ, ಸ್ವಲ್ಪ ದೂರವಿದ್ದರೂ, ಬೆಳಗಿನ ಅನುಕೂಲದ ಸಭೆಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಸಭೆಗಳ ಪಟ್ಟಿಯನ್ನು ಆಯಾ ಸಂಸ್ಥೆಗಳ ಅಧಿಕೃತ ಜಾಲತಾಣಗಳಲ್ಲಿ ನೋಡಬಹುದು, ಎ.ಎ.ಗೆ ಮೀಟಿಂಗ್ ಗೈಡ್ ಎಂಬ ಮೊಬೈಲ್ ಆ್ಯಪ್ ಕೂಡ ಇದೆ. ಸ್ಥಳ, ಸಮಯಗಳು ಬದಲಾಗುತ್ತಿರುವುದರಿಂದ ಹೊರಡುವ ಮೊದಲು ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಮುಚ್ಚಿದ ಬಾಗಿಲು ಕಂಡು ಹಿಂದಿರುಗುವ ಸಂಜೆ, ಬಿಟ್ಟು ಎರಡು ತಿಂಗಳಾದವರ ಪಾಲಿಗೆ ಅಪಾಯದ ಸಂಜೆ.

ಪ್ರಶ್ನೆ: ನಾನು ಉದ್ಯೋಗಸ್ಥ ಮಹಿಳೆ. ನನ್ನ ಕುಡಿತದ ವಿಷಯ ಮನೆಯವರಿಗೆ ಬಿಟ್ಟರೆ ಯಾರಿಗೂ ತಿಳಿಯದು. ನಾನು ಹೋದ ಸಭೆಯಲ್ಲಿ ನಾನೊಬ್ಬಳೇ ಹೆಂಗಸು. ಸಹಾಯ ಮಾಡುತ್ತೇನೆಂದು ಹೇಳಿ ನಂಬರ್ ಪಡೆದ ಒಬ್ಬರು ಈಗ ರಾತ್ರಿ ಹೊತ್ತು ಬೇಡದ ಸಂದೇಶಗಳನ್ನು ಕಳುಹಿಸುತ್ತಿದ್ದಾರೆ. ಜಗಳವಾದರೆ ನನ್ನ ಗುಟ್ಟು ರಟ್ಟಾದೀತೆಂಬ ಭಯ. ಸಭೆಗೆ ಹೋಗುವುದನ್ನೇ ನಿಲ್ಲಿಸಿದ್ದೇನೆ.

ಉತ್ತರ: ಅವರ ನಡತೆ ತಪ್ಪು, ಅದರಲ್ಲಿ ನಿಮ್ಮ ಪಾಲು ಲವಲೇಶವೂ ಇಲ್ಲ. ಉತ್ತರಿಸುವುದನ್ನು ನಿಲ್ಲಿಸಿ, ಸಂದೇಶಗಳನ್ನು ಅಳಿಸದೆ ಉಳಿಸಿಕೊಂಡು ಆ ನಂಬರನ್ನು ಬ್ಲಾಕ್ ಮಾಡಿ, ಗುಂಪಿನ ಕಾರ್ಯದರ್ಶಿಗೆ ಅಥವಾ ಆ ಭಾಗದ ಎ.ಎ. ಕಚೇರಿಗೆ ತಿಳಿಸಿ. ಬೆದರಿಕೆಯ ಮಾತು ಬಂದರೆ ಪೊಲೀಸರಿಗೆ ದೂರು ಕೊಡಲು ಹಿಂಜರಿಯಬೇಡಿ. ಸದಸ್ಯರ ಗುರುತನ್ನು ಹೊರಗೆ ಹೇಳಬಾರದೆಂಬ ಅನಾಮಧೇಯತೆಯ ನಿಯಮವು ಕಿರುಕುಳ ಕೊಡುವವರಿಗೆ ರಕ್ಷಣೆಯಲ್ಲ. ಹೊಸಬರಿಗೆ ಮಾರ್ಗದರ್ಶಿಯಾಗುವ ಸ್ಪಾನ್ಸರ್, ಹೆಂಗಸರಿಗೆ ಹೆಂಗಸೇ ಆಗಿರಬೇಕೆಂಬ ವಾಡಿಕೆ ಎ.ಎ.ಯಲ್ಲಿ ಬಂದಿರುವುದೇ ಇಂಥ ಸಂದರ್ಭಗಳನ್ನು ತಪ್ಪಿಸಲು.

ಆ ಗುಂಪಿಗೆ ಮತ್ತೆ ಹೋಗಲೇಬೇಕೆಂದಿಲ್ಲ, ಆದರೆ ಸಭೆಗಳನ್ನೇ ಬಿಡಬೇಡಿ. ಮಹಿಳೆಯರಿಗೆ ಮಾತ್ರ ನಡೆಯುವ ಎ.ಎ. ಸಭೆಗಳಿವೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ಜೀನ್ ಕರ್ಕ್‌ಪ್ಯಾಟ್ರಿಕ್ ಅವರು, ಸ್ವತಃ ಕುಡಿತದಿಂದ ಹೊರಬಂದವರು, 1975ರಲ್ಲಿ ವಿಮೆನ್ ಫಾರ್ ಸೊಬ್ರೈಟಿ ಎಂಬ ಸಂಸ್ಥೆಯನ್ನು ಕಟ್ಟಿದರು. ಕುಡಿತದಿಂದ ನರಳುವ ಹೆಣ್ಣಿನ ಮೇಲೆ ನಾಚಿಕೆಯ ಹೊರೆ ಗಂಡಸಿಗಿಂತ ಹೆಚ್ಚಾಗಿರುತ್ತದೆ, ಆದ್ದರಿಂದ ಅಹಂಕಾರ ಇಳಿಸುವುದಕ್ಕಿಂತ ಆತ್ಮಗೌರವ ಕಟ್ಟುವುದು ಅವಳಿಗೆ ಅಗತ್ಯ ಎಂಬುದು ಅವರ ನಿಲುವು. ಅದರ ಹದಿಮೂರು ಹೇಳಿಕೆಗಳೂ ಆ ಧಾಟಿಯಲ್ಲಿವೆ. ನಿಮ್ಮ ಪತ್ರವನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ಈ ಸಂಸ್ಥೆಯ ಆನ್‌ಲೈನ್ ಸಭೆಗಳು. ಅಂಥ ಸಭೆಗೆ ಸೇರುವಾಗ ಪರದೆಯ ಮೇಲೆ ಕಾಣುವ ನಿಮ್ಮ ಪೂರ್ಣ ಹೆಸರನ್ನು ಬದಲಿಸಿಕೊಳ್ಳಿ, ಕೆಲಸದ ಸ್ಥಳದ ಖಾತೆಯನ್ನೋ ಲ್ಯಾಪ್‌ಟಾಪನ್ನೋ ಬಳಸಬೇಡಿ.

ಗುಟ್ಟಿನ ಬಗ್ಗೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಸಭೆಯಲ್ಲಿ ಕೇಳಿದ್ದನ್ನು ಹೊರಗೆ ಹೇಳಬಾರದೆಂಬುದು ಸದಸ್ಯರು ಪರಸ್ಪರ ಪಾಲಿಸುವ ಕಟ್ಟುಪಾಡು. ವೈದ್ಯರ ಮೇಲಿರುವಂಥ ವೃತ್ತಿಯ ಬದ್ಧತೆ ಸಹಸದಸ್ಯರ ಮೇಲೆ ಇರುವುದಿಲ್ಲ. ಬಹುಮಂದಿ ಅದನ್ನು ಶ್ರದ್ಧೆಯಿಂದ ಪಾಲಿಸುತ್ತಾರೆ. ಆದರೂ ಉದ್ಯೋಗಕ್ಕೆ ಅಥವಾ ಕಾನೂನಿಗೆ ಸಂಬಂಧಿಸಿದ ಸೂಕ್ಷ್ಮ ವಿಷಯಗಳನ್ನು ಸಭೆಯಲ್ಲಿ ಹೇಳದೆ ಆಪ್ತಸಮಾಲೋಚಕರ ಬಳಿ ಹೇಳಿಕೊಳ್ಳುವುದು ಕ್ಷೇಮ.

ಪ್ರಶ್ನೆ: ದಿನವೂ ಕುಡಿಯುತ್ತೇನೆ. ಬೆಳಿಗ್ಗೆ ಎದ್ದಾಗ ಕೈ ನಡುಗುತ್ತದೆ, ಸ್ವಲ್ಪ ಕುಡಿದರೆ ನಿಲ್ಲುತ್ತದೆ. ನಾಳೆಯಿಂದ ಪೂರ್ತಿ ನಿಲ್ಲಿಸಿ, ಶುದ್ಧನಾಗಿ ಸಭೆಗೆ ಹೋಗಬೇಕೆಂದಿದ್ದೇನೆ. ಸರಿಯೇ?

ಉತ್ತರ: ಬೇಡ, ಮೊದಲು ವೈದ್ಯರ ಬಳಿ ಹೋಗಿ. ಬೆಳಗಿನ ನಡುಕವೆಂದರೆ ದೇಹವು ಮದ್ಯಕ್ಕೆ ಒಗ್ಗಿಹೋಗಿದೆ ಎಂದು ಅರ್ಥ. ಇಂಥ ಸ್ಥಿತಿಯಲ್ಲಿ ಒಮ್ಮೆಲೇ ನಿಲ್ಲಿಸಿದರೆ ಸುಮಾರು 6 ಗಂಟೆಗಳ ನಂತರ ನಡುಕ, ಬೆವರು, ವಾಕರಿಕೆ ಶುರುವಾಗಬಹುದು; ಮೊದಲ 48 ಗಂಟೆಗಳ ಒಳಗೆ ಅಪಸ್ಮಾರದಂಥ ಸೆಳವು ಬರಬಹುದು; ಕೆಲವರಿಗೆ ಎರಡನೆಯ ದಿನದಿಂದ ನಾಲ್ಕನೆಯ ದಿನದ ನಡುವೆ ಇಲ್ಲದ್ದು ಕಾಣುವ, ದಿಕ್ಕುತಪ್ಪಿದಂತೆ ಮಾತನಾಡುವ, ಜ್ವರ ಬರುವ, ಜೀವಕ್ಕೇ ಅಪಾಯ ತರುವ ಸ್ಥಿತಿ ಉಂಟಾಗುತ್ತದೆ. ವೈದ್ಯರು ಔಷಧಿಗಳಿಂದ ಇದನ್ನು ಸುರಕ್ಷಿತವಾಗಿ ದಾಟಿಸಬಲ್ಲರು, ಜೊತೆಗೆ ಬಿ1 ಜೀವಸತ್ವವನ್ನೂ ಕೊಡುತ್ತಾರೆ. ಹಿಂದೆ ಯಾವಾಗಲಾದರೂ ಸೆಳವು ಬಂದಿದ್ದರೆ ಅದನ್ನು ಮುಚ್ಚಿಡದೆ ಮೊದಲೇ ತಿಳಿಸಿ.

ಸಭೆಗೆ ಹೋಗಲು ಶುದ್ಧರಾಗುವವರೆಗೆ ಕಾಯಬೇಕೆಂಬ ಷರತ್ತು ಎ.ಎ.ಯಲ್ಲಿ ಇಲ್ಲ. ಬಿಡಬೇಕೆಂಬ ಬಯಕೆ ಇದ್ದರೆ ಇವತ್ತೇ ಹೋಗಬಹುದು. ಕುಡಿದು ಬಂದವರು ಆ ದಿನ ಮಾತನಾಡದೆ ಕೇಳಿಸಿಕೊಳ್ಳಬೇಕೆಂದು ಕೆಲವು ಗುಂಪುಗಳು ವಿನಂತಿಸುತ್ತವೆ, ಅಷ್ಟೆ. ಆದರೆ ವಾಹನವನ್ನು ನೀವು ಓಡಿಸಬೇಡಿ.

ಪ್ರಶ್ನೆ: ನನ್ನ ಯಜಮಾನರು ಸಭೆಯ ಹೆಸರೆತ್ತಿದರೆ ಸಿಡುಕುತ್ತಾರೆ. ನಾನೇ ಒತ್ತಾಯ ಮಾಡಿ ಕರೆದುಕೊಂಡು ಹೋಗಲೇ? ಹದಿನಾಲ್ಕು ವರ್ಷದ ಮಗಳು ಇತ್ತೀಚೆಗೆ ಯಾರೊಡನೆಯೂ ಮಾತನಾಡುವುದಿಲ್ಲ.

ಉತ್ತರ: ಅಮ್ಮಾ, ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಕೊನೆಯ ವಾಕ್ಯ. ಯಜಮಾನರು ಒಪ್ಪುವವರೆಗೆ ನೀವೂ ಮಗಳೂ ಕಾಯಬೇಕಾಗಿಲ್ಲ. ಕುಡಿಯುವವರ ಮನೆಯವರಿಗಾಗಿಯೇ ಅಲ್-ಅನಾನ್ ಎಂಬ ಗುಂಪುಗಳಿವೆ, ಎ.ಎ. ಸದಸ್ಯರ ಹೆಂಡತಿಯರು ಸೇರಿ 1951ರಲ್ಲಿ ಅದನ್ನು ಆರಂಭಿಸಿದರು. ಹದಿಹರೆಯದ ಮಕ್ಕಳಿಗಾಗಿ ಅದರದೇ ಅಂಗವಾದ ಅಲಾಟೀನ್ 1957ರಿಂದ ಇದೆ. ಅಪ್ಪನ ಕುಡಿತಕ್ಕೆ ತಾನು ಕಾರಣಳಲ್ಲ, ಅದನ್ನು ತಡೆಯುವ ಹೊಣೆ ತನ್ನದಲ್ಲ ಎಂಬ ಮಾತನ್ನು ಮಗಳು ನಿಮ್ಮಿಂದ ಕೇಳುವುದಕ್ಕಿಂತ ತನ್ನದೇ ವಯಸ್ಸಿನ ಇನ್ನೊಬ್ಬ ಹುಡುಗಿಯಿಂದ ಕೇಳಿದರೆ ಬೇಗ ನಂಬುತ್ತಾಳೆ. ಅದರ ಜೊತೆಗೆ ಶಾಲೆಯಲ್ಲಿ ಅವಳು ಹಚ್ಚಿಕೊಂಡಿರುವ ಶಿಕ್ಷಕರೊಬ್ಬರಿಗೆ ಅಥವಾ ಮಕ್ಕಳ ಆಪ್ತಸಮಾಲೋಚಕರಿಗೆ ವಿಷಯ ತಿಳಿಸಿ.

ಎಳೆದುಕೊಂಡು ಹೋದರೆ ಅವರು ಬರಬಹುದು, ಆದರೆ ಕೋಪವನ್ನು ಹೊತ್ತು ಬರುತ್ತಾರೆ. ಅದಕ್ಕಿಂತ ಕ್ರಾಫ್ಟ್ ಎಂದು ಕರೆಯುವ ಕೌಟುಂಬಿಕ ತರಬೇತಿಯನ್ನು ನೋಡಿ. ಕುಡಿಯದೆ ಇದ್ದ ಹೊತ್ತನ್ನು ಮೆಚ್ಚಿ ಮಾತನಾಡುವುದು, ಕುಡಿದಾಗ ವಾದಕ್ಕಿಳಿಯದೆ ಎದ್ದು ಹೋಗುವುದು, ಕುಡಿತದ ಪರಿಣಾಮಗಳನ್ನು ತಾವೇ ಮುಚ್ಚಿಹಾಕದಿರುವುದು, ಚಿಕಿತ್ಸೆಯ ಮಾತನ್ನು ಸರಿಯಾದ ಗಳಿಗೆಯಲ್ಲಿ ಎತ್ತುವುದು, ಇವನ್ನೆಲ್ಲ ಅಲ್ಲಿ ಹೇಳಿಕೊಡುತ್ತಾರೆ. ಒಪ್ಪದವರನ್ನು ಚಿಕಿತ್ಸೆಗೆ ಕರೆತರುವಲ್ಲಿ ಇದು ಒತ್ತಾಯಕ್ಕಿಂತ ಹೆಚ್ಚು ಯಶಸ್ವಿಯೆಂದು ಅಧ್ಯಯನಗಳು ತೋರಿಸಿವೆ; ಸ್ಮಾರ್ಟ್ ರಿಕವರಿಯ ಕುಟುಂಬ ಸಭೆಗಳೂ ಇದೇ ವಿಧಾನವನ್ನು ಬಳಸುತ್ತವೆ. ಮುಂದೊಂದು ದಿನ, ಅವರೇ ಪಶ್ಚಾತ್ತಾಪದಿಂದ ಮಾತನಾಡಿದ ಬೆಳಿಗ್ಗೆ, "ಒಂದು ಮುಕ್ತ ಸಭೆ ಇದೆ, ನಾನೂ ಜೊತೆಗೆ ಬಂದು ಕೂರುತ್ತೇನೆ" ಎಂದು ಒಂದು ಸಲ ಹೇಳಿ ಸುಮ್ಮನಾಗಿ. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಮಾತ್ರ ಈ ಯಾವುದಕ್ಕೂ ಕಾಯದೆ ಮಗಳೊಂದಿಗೆ ಸುರಕ್ಷಿತ ಜಾಗಕ್ಕೆ ಹೋಗಿ.

ಪ್ರಶ್ನೆ: ಎಂಟು ತಿಂಗಳು ಕುಡಿಯದೆ ಇದ್ದವನು ಹೋದ ವಾರ ಎರಡು ದಿನ ಕುಡಿದುಬಿಟ್ಟೆ. ಗುಂಪಿನಲ್ಲಿ ಹೊಸಬರಿಗೆ ನನ್ನನ್ನೇ ಉದಾಹರಣೆಯಾಗಿ ತೋರಿಸುತ್ತಿದ್ದರು. ಮುಖ ತೋರಿಸಲಾರೆ. ಬೇರೆ ಗುಂಪಿಗೆ ಹೋಗಿ ಹೊಸಬನಂತೆ ಕೂರಲೇ? ಇನ್ನೊಂದು ಸಂಗತಿ: ವೈದ್ಯರು ಕೊಟ್ಟ ನಾಲ್ಟ್ರೆಕ್ಸೋನ್ ಮಾತ್ರೆಯ ಮೇಲೆ ನಿಂತಿರುವುದು ನಿಜವಾದ ಬಿಡುಗಡೆಯಲ್ಲ ಎಂದು ಗುಂಪಿನ ಹಿರಿಯರೊಬ್ಬರು ಹೇಳಿದ್ದರಿಂದ ಅದನ್ನು ಕಳೆದ ತಿಂಗಳು ನಿಲ್ಲಿಸಿದ್ದೆ.

ಉತ್ತರ: ಹಳೆಯ ಗುಂಪಿಗೇ ಹೋಗಿ. ನಿಮ್ಮ ಎಂಟು ತಿಂಗಳನ್ನು ಕಣ್ಣಾರೆ ಕಂಡವರು ಅಲ್ಲಿದ್ದಾರೆ. ಎಲ್ಲಿ ಜಾರಿತೆಂದು ನಿಮ್ಮೊಡನೆ ಕುಳಿತು ಯೋಚಿಸಬಲ್ಲವರು ಅವರು. ಹೊಸ ಗುಂಪಿನಲ್ಲಿ ಮೊದಲ ದಿನವೇ ಒಂದು ವಿಷಯವನ್ನು ಬಚ್ಚಿಟ್ಟು ಕೂರಬೇಕಾಗುತ್ತದೆ. ಸಭೆಗೆ ಮೊದಲು ನಿಮ್ಮ ಸ್ಪಾನ್ಸರ್‌ಗೆ ಅಥವಾ ಹತ್ತಿರದ ಸದಸ್ಯರೊಬ್ಬರಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿ, ಅವರ ಜೊತೆಯಲ್ಲಿಯೇ ಒಳಗೆ ಹೋಗಿ, ನಿಮ್ಮ ಸರದಿ ಬಂದಾಗ ಒಂದೇ ವಾಕ್ಯದಲ್ಲಿ ಹೇಳಿಬಿಡಿ. ವಿವರಣೆಯನ್ನು ಆ ದಿನ ಯಾರೂ ಕೇಳುವುದಿಲ್ಲ. ಉದಾಹರಣೆಯಾಗಿ ನಿಲ್ಲುವ ಭಾರ ನಿಮ್ಮ ಮೇಲೆ ಬೀಳದಂತೆ ಸಭೆ ನಡೆಸುವವರು ಇನ್ನು ಮುಂದೆ ನೋಡಿಕೊಳ್ಳಬೇಕೆಂದು ಆಮೇಲೆ ಅವರಿಗೆ ಹೇಳುವುದರಲ್ಲಿಯೂ ತಪ್ಪಿಲ್ಲ.

ಮಾತ್ರೆಯ ವಿಷಯದಲ್ಲಿ ಆ ಹಿರಿಯರು ತಮ್ಮ ಎಲ್ಲೆ ಮೀರಿ ಮಾತನಾಡಿದ್ದಾರೆ. ಸದಸ್ಯರು ಯಾರೂ ವೈದ್ಯರ ಪಾತ್ರ ವಹಿಸಬಾರದೆಂದು ಎ.ಎ. ಸಂಸ್ಥೆಯೇ ತನ್ನ ಕಿರುಹೊತ್ತಗೆಯಲ್ಲಿ ಮುದ್ರಿಸಿ ಹೇಳಿದೆ. ನಾಲ್ಟ್ರೆಕ್ಸೋನ್ ಚಟ ಹಿಡಿಸುವ ಔಷಧಿಯಲ್ಲ. ಮದ್ಯವು ಮಿದುಳಿನಲ್ಲಿ ಉಂಟುಮಾಡುವ ಸುಖಾನುಭವವನ್ನು ತಗ್ಗಿಸಿ, ಹಂಬಲದ ಬಿಗಿಯನ್ನು ಸಡಿಲಿಸುತ್ತದೆ. ಅದನ್ನು ಸೇವಿಸುತ್ತ ಕುಡಿಯದೆ ಇರುವವರು ಕುಡಿಯದೆ ಇರುವವರೇ. ಯಾವುದಾದರೂ ಗುಂಪು ಔಷಧಿ ಬಿಡುವಂತೆ ಒಟ್ಟಾಗಿ ಒತ್ತಡ ತಂದರೆ, ಗುಂಪು ಬದಲಿಸಲು ಅದು ತಕ್ಕ ಕಾರಣ. ಒಬ್ಬರ ಮಾತಷ್ಟೇ ಆಗಿದ್ದರೆ ಅವರ ಸಲಹೆಯನ್ನು ಬಿಟ್ಟು ಗುಂಪನ್ನು ಉಳಿಸಿಕೊಳ್ಳಿ. ಮಾತ್ರೆಯನ್ನು ನೀವಾಗಿ ಮತ್ತೆ ಶುರು ಮಾಡಬೇಡಿ. ಈ ವಾರವೇ ವೈದ್ಯರನ್ನು ಕಂಡು, ನಿಲ್ಲಿಸಿದ ದಿನವನ್ನೂ, ಎರಡು ದಿನ ಕುಡಿದ ಪ್ರಮಾಣವನ್ನೂ, ಈಚೆಗೆ ನೋವಿಗಾಗಿ ಅಫೀಮಿನ ಅಂಶವುಳ್ಳ ಔಷಧಿ ಏನಾದರೂ ಸೇವಿಸಿದ್ದರೆ ಅದನ್ನೂ ಮರೆಯದೆ ತಿಳಿಸಿ, ಏಕೆಂದರೆ ಅಂಥ ಔಷಧಿ ದೇಹದಲ್ಲಿರುವಾಗ ನಾಲ್ಟ್ರೆಕ್ಸೋನ್ ಸೇವಿಸಿದರೆ ತೀವ್ರ ತೊಂದರೆಯಾಗುತ್ತದೆ.